ಬಾಗಲವಾಡಕ್ಕೆಂದು ಹೊರಟು ಬಾಗಲಕೋಟೆ ಸೇರಿದ ಲಾರಿಯ ಬಗ್ಗೆ

ಮಾನ್ಯರೇ,

ಸುಖಾಗಮನ ಸಾಮಾನು ಸಾಗಣೆ ಸಂಸ್ಥೆಯ ವ್ಯವಸ್ಥಾಪಕರಾದ ತಮ್ಮ ಸನ್ನಿಧಿಗೆ, ರಾಯಚೂರು ಜಿಲ್ಲೆ ಮಾನ್ವಿ ತಾಲೂಕಿನ ಬಾಗಲವಾಡದಿಂದ ಕನ್ನಡ ಶಿಕ್ಷಕಿ ಶಶಿಕಲಾ ಮಾಡುವ ಅನೇಕಾನೇಕ ನಮಸ್ಕಾರಗಳು. ತಾವು, ತಮ್ಮ ಮನೆಯವರು, ತಮ್ಮ ಗೋದಾಮು ಹಾಗೂ ತಮ್ಮ ಲಾರಿಗಳೆಲ್ಲ ಕ್ಷೇಮವೆಂದು ನಂಬಿದ್ದೇನೆ. ಲಾರಿಗಳು ಎಲ್ಲಿವೆಯೆಂದು ಮಾತ್ರ ಕೇಳುವುದಿಲ್ಲ. ಆ ಪ್ರಶ್ನೆಯಿಂದ ತಮ್ಮ ಕಚೇರಿಯವರಿಗೆ ಎಷ್ಟು ಸಂಕಟವಾಗುತ್ತದೆಂಬುದನ್ನು ಹತ್ತೊಂಬತ್ತು ದಿನ ಫೋನಿನಲ್ಲಿ ಕೇಳಿಸಿಕೊಂಡಿದ್ದೇನೆ. ಈ ಹಿಂದೆ ಬರೆದ ಮೂರು ಪತ್ರಗಳು ತಮಗೆ ತಲುಪಲಿಲ್ಲವಂತೆ. ಬಹುಶಃ ಅವೂ ತಮ್ಮ ಲಾರಿಯಲ್ಲೇ ಹೊರಟಿರಬೇಕು. ಆದ್ದರಿಂದ ಇದನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ. ಓದಿದವರಲ್ಲಿ ಯಾರಾದರೊಬ್ಬರು ತಮಗೆ ಹೇಳಿಯಾರು.

ತಮಗೆ ವಿಷಯ ಮರೆತಿರಬಹುದು. ಮೇ ತಿಂಗಳ ಕೊನೆಗೆ ನನಗೆ ನಂಜನಗೂಡಿನಿಂದ ಇಲ್ಲಿಗೆ ವರ್ಗವಾಯಿತು. ಮನೆಯಲ್ಲೇ ಕಂಪ್ಯೂಟರಿನ ಮುಂದೆ ಕೂತು ಪುಸ್ತಕಗಳ ಅಕ್ಷರ ಜೋಡಿಸುವ ನನ್ನ ಯಜಮಾನರು ಅನಿಲಕುಮಾರ, ಒಂಬತ್ತು ವರ್ಷದ ಮಗಳು ಇಂಚರ, ಐದು ವರ್ಷದ ಮಗ ಸೃಜನ್, ಹೀಗೆ ನಾಲ್ವರ ಸಂಸಾರವನ್ನು ನಲವತ್ತಮೂರು ನಗಗಳಾಗಿ, ಅಂದರೆ ಗಂಟುಗಳಾಗಿ, ಕಟ್ಟಿ ತಮ್ಮ ಲಾರಿಗೆ ಏರಿಸಿದೆವು. ನೀವು ರೈಲಿಳಿದು ಬಸ್ಸು ಹತ್ತುವಷ್ಟರಲ್ಲಿ ನಮ್ಮ ಲಾರಿ ನಿಮ್ಮ ಮನೆ ಮುಂದೆ ನಿಂತು ಹಾರ್ನ್ ಹೊಡೆಯುತ್ತಿರುತ್ತದೆ, ಹಾಲು ಉಕ್ಕಿಸಲು ಪಾತ್ರೆ ಕೂಡ ನಾವೇ ಬಿಚ್ಚಿಡುತ್ತೇವೆ ಎಂದು ತಮ್ಮವರು ಹೇಳಿದ್ದನ್ನು ನಂಬಿ, ತಲಾ ಎರಡು ಜೊತೆ ಬಟ್ಟೆ, ಇಂಚರಳ ಶಾಲೆಯ ಚೀಲ ಮತ್ತು ಒಂದು ನೀರಿನ ಕ್ಯಾನು ಹಿಡಿದು ನಾವು ಇಲ್ಲಿಗೆ ಬಂದಿಳಿದೆವು. ಹಾಲು ತಂದೆವು. ಪಾತ್ರೆ ಇರಲಿಲ್ಲವಾಗಿ ಅದು ಪ್ಯಾಕೆಟಿನಲ್ಲೇ ಬಿಸಿಲಿಗೆ ಒಡೆದುಹೋಯಿತು.

ತಮ್ಮ ಜಾಹೀರಾತಿನಲ್ಲಿ ‘ಬಾಗಿಲಿನಿಂದ ಬಾಗಿಲಿಗೆ’ ಎಂದು ಕೆಂಪಕ್ಷರದಲ್ಲಿ ಅಚ್ಚಾಗಿತ್ತು. ಹದಿಮೂರು ವರ್ಷ ಕನ್ನಡ ಕಲಿಸಿದವಳಾದರೂ ಅದರ ಗೂಢಾರ್ಥ ನನಗೆ ಹೊಳೆಯಲಿಲ್ಲ. ವಿಳಾಸ ಬರೆದುಕೊಂಡ ತಮ್ಮ ಗುಮಾಸ್ತರು ‘ಬಾಗಲ’ ಎಂಬ ಮೂರು ಅಕ್ಷರ ಕಿವಿಗೆ ಬಿದ್ದ ಕೂಡಲೇ ಉಳಿದದ್ದು ಕೋಟೆಯೇ ಇರಬೇಕೆಂದು ತೀರ್ಮಾನಿಸಿ, ಮಿಕ್ಕ ಮಾತು ಕೇಳುವ ತೊಂದರೆ ತೆಗೆದುಕೊಳ್ಳದೆ, ನನ್ನ ನಲವತ್ತಮೂರು ನಗಗಳನ್ನು ಬಾಗಲಕೋಟೆಗೆ ಕಳಿಸಿಕೊಟ್ಟರು. ನನ್ನ ವಿದ್ಯಾರ್ಥಿಗಳು ಉಕ್ತಲೇಖನದಲ್ಲಿ ಇಂಥ ತಪ್ಪು ಮಾಡಿದರೆ ಆ ಪದವನ್ನು ಹತ್ತು ಸಲ ಬರೆಸುತ್ತೇನೆ. ತಮ್ಮ ಗುಮಾಸ್ತರು ದೊಡ್ಡವರು. ಅವರಿಗೆ ಐದು ಸಲ ಸಾಕು.

ಇಲ್ಲಿ ನನ್ನ ಮಗಳ ಬಗ್ಗೆ ಎರಡು ಮಾತು ಹೇಳಲೇಬೇಕು, ಏಕೆಂದರೆ ಈ ದೂರಿನ ಬೇರು ಅವಳೇ. ಇಂಚರಳಿಗೆ ನಂಜನಗೂಡು ಬಿಡುವ ಮನಸ್ಸು ಎಳ್ಳಷ್ಟೂ ಇರಲಿಲ್ಲ. ಅಲ್ಲಿ ಅವಳ ಅಜ್ಜಿ, ಅವಳ ಶಾಲೆ, ದಿನಾ ಬೆಳಿಗ್ಗೆ ಹಾಲು ಬೆಲ್ಲ ಹಾಕಿ ಕಲಸಿ ಕೊಡುವ ರಾಗಿ ಹುರಿಹಿಟ್ಟು ಎಲ್ಲ ಇದ್ದವು. ಹಾಸುಗಲ್ಲಿನ ನೆಲದ ಈ ಬರೀ ಮನೆಗೆ ಕಾಲಿಟ್ಟವಳೇ ತನ್ನ ಶಾಲೆಯ ಚೀಲವನ್ನು ಬಾಗಿಲ ಬಳಿ ಇಟ್ಟು, “ಲಾರಿ ಬರಲಿ. ಸಾಮಾನು ಇಳಿಸಿದ ಮೇಲೆ ಅದರಲ್ಲೇ ನಾನು ಅಜ್ಜಿ ಮನೆಗೆ ಹೋಗ್ತೀನಿ” ಎಂದು ಹೇಳಿ ಗೋಡೆಗೆ ಒರಗಿ ಕೂತಳು. ಅವಳು ಹಠ ಹಿಡಿದು ಅತ್ತಿದ್ದರೆ ಸಮಾಧಾನ ಮಾಡುತ್ತಿದ್ದೆ. ಅವಳು ಅಳಲಿಲ್ಲ, ಅದಕ್ಕೇ ನನಗೆ ಹೆದರಿಕೆಯಾಯಿತು. ನನ್ನ ಸಂಬಳಕ್ಕಾಗಿ ಮಗುವನ್ನು ಬೇರುಸಹಿತ ಕಿತ್ತು ತಂದೆನಲ್ಲ ಎಂದು ನನ್ನನ್ನೇ ಬೈದುಕೊಂಡೆ. ಲಾರಿ ಬಾರದಿದ್ದರೆ ಸಂಸಾರ ನಡೆಯದು, ಬಂದರೆ ಮಗಳು ಹೊರಟು ನಿಲ್ಲುತ್ತಾಳೆ. ಇಂಥ ಇಕ್ಕಟ್ಟಿಗೆ ಸಿಕ್ಕ ಗ್ರಾಹಕರು ತಮಗೆ ಹಿಂದೆ ಸಿಕ್ಕಿದ್ದಾರೋ ಇಲ್ಲವೋ ಕಾಣೆ.

ಆ ಮೊದಲ ದಿನ ಮನೆ ಎಷ್ಟು ಖಾಲಿಯಿತ್ತೆಂದರೆ, ಸೃಜನ್ ಒಂದು ಸಲ ಸೀನಿದರೆ ಮೂರೂ ಕೋಣೆಗಳು ಮರುಸೀನು ಸೀನುತ್ತಿದ್ದವು. ಆ ಸದ್ದಿಗೇ ಇರಬೇಕು, ಎದುರು ಮನೆಯ ಅಂಬಮ್ಮ ಇಣುಕಿ ನೋಡಿದರು. ಹೊಲದ ಕೆಲಸ ಮುಗಿಸಿ ಬಂದ ಗಟ್ಟಿಮುಟ್ಟಾದ ಹೆಂಗಸು. ಸಾಮಾನೆಲ್ಲಿ ಎಂದು ಕೇಳಿದರು, ಬಾಗಲಕೋಟೆಯಲ್ಲಿ ಎಂದೆ. ಅವರು ಮತ್ತೇನೂ ಕೇಳದೆ ಹೋಗಿ ಒಂದು ಡಬರಿಯ ತುಂಬ ಪುಂಡಿಪಲ್ಲೆ, ಅದರ ಮೇಲೆ ಮುಚ್ಚಳದ ಬದಲು ಹತ್ತು ಜೋಳದ ರೊಟ್ಟಿ ತಂದಿಟ್ಟು, “ನಾವು ಅದೀವಲ್ರೀ ಅಕ್ಕೋರ, ಲಾರಿ ತಗೊಂಡು ಏನ್ ಮಾಡ್ತೀರಿ” ಎಂದರು. ಪಕ್ಕದ ಮನೆಯ ಶಹಜಾದಿ ಬೇಗಂ, ಮಾನ್ವಿ ಸಂತೆಯಲ್ಲಿ ಬಟ್ಟೆ ಅಂಗಡಿ ಹಾಕುವ ತಮ್ಮ ಗಂಡನ ಕೈಲಿ ಎರಡು ಹೊರಸು ಹೊರಿಸಿ ಕಳಿಸಿದರು; ಹಗ್ಗ ಹೆಣೆದ ಆ ಮಂಚಗಳ ಮೇಲೆ ನಾವು ನಾಲ್ವರೂ ಮಲಗಿದೆವು. ನನ್ನ ಯಜಮಾನರ ಕಂಪ್ಯೂಟರು ತಮ್ಮ ಲಾರಿಯಲ್ಲಿ ದೇಶಾಟನೆಯಲ್ಲಿದ್ದುದರಿಂದ ಅವರಿಗೆ ಬೇರೆ ಕೆಲಸವಿರಲಿಲ್ಲ, ಓಣಿಯವರು ಕೊಟ್ಟ ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂತು ತಮಗೆ ಫೋನು ಮಾಡುವುದನ್ನೇ ಉದ್ಯೋಗ ಮಾಡಿಕೊಂಡರು.

ಮರುದಿನ ಬೆಳಿಗ್ಗೆ ಒಂದು ಅನಾಹುತವಾಯಿತು, ಅದರ ಹೊಣೆಯೂ ತಮ್ಮದೇ. ಅಂಬಮ್ಮ ಬಾಗಿಲಲ್ಲಿ ನಿಂತು, “ವಗ್ಗರಣಿ ತಿಂತೀರೇನ್ರಿ?” ಎಂದು ಕೇಳಿದರು. ಸಾಸಿವೆ ಸಿಡಿದ ಎಣ್ಣೆಯನ್ನು ಬೆಳಿಗ್ಗೆ ಬೆಳಿಗ್ಗೆ ಯಾರು ತಿನ್ನುತ್ತಾರೆಂದು ಗಾಬರಿಯಾದರೂ ತೋರಿಸಿಕೊಳ್ಳದೆ, ನಾವು ಒಗ್ಗರಣೆಯನ್ನು ಹಾಗೇ ತಿನ್ನುವವರಲ್ಲ, ಸಾರಿಗೆ ಹಾಕಿಕೊಳ್ಳುವವರು ಎಂದು ವಿನಯದಿಂದ ಹೇಳಿದೆ. ಅಂಬಮ್ಮ ಎದೆಯ ಮೇಲೆ ಕೈ ಇಟ್ಟುಕೊಂಡು ಹೊರಟುಹೋದರು. ಈ ಕಡೆ ವಗ್ಗರಣಿ ಎಂದರೆ ಮಂಡಾಳಿಗೆ, ಅಂದರೆ ನಮ್ಮ ಪುರಿಗೆ, ಈರುಳ್ಳಿ ಮೆಣಸಿನಕಾಯಿ ಹುಳಿ ಹಾಕಿ ಕಲಸಿದ ನಾಷ್ಟಾ ಎಂದು ನನಗೆ ಯಾವ ವ್ಯಾಕರಣ ಪುಸ್ತಕವೂ ಹೇಳಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಓಣಿಯ ಐದು ಜನ ಹೆಂಗಸರು, ಸಾರಿನಲ್ಲಿ ಮಂಡಾಳು ಕದಡಿಕೊಂಡು ಕುಡಿಯುವ ಮೈಸೂರು ಕಡೆಯ ಅಕ್ಕೋರನ್ನು ನೋಡಲು ಬಂದರು. ಅವರಲ್ಲೊಬ್ಬರು ಬಹಳ ಮರುಕದಿಂದ, ಅದು ಮೆತ್ತಗಾಗುವುದಿಲ್ಲವೇ ಎಂದು ವಿಚಾರಿಸಿದರು. ಗೋಡೆಗೆ ಒರಗಿದ್ದ ಇಂಚರ ಕಿಸಕ್ಕನೆ ನಕ್ಕಳು. ಶಹಜಾದಿ ಬೇಗಂ ಅವರ ಮಗಳು ಜೋಯಾ, ಅವಳದೇ ವಯಸ್ಸಿನವಳು, ತಾನೂ ನಕ್ಕು ಅವಳ ಪಕ್ಕ ಹೋಗಿ ಕೂತಳು.

ಇನ್ನು ಪಾತ್ರೆಗಳ ಸಂಗತಿ. ಕೊಟ್ಟವರ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದೆಂಬುದು ನಮ್ಮ ಮನೆಯ ಪದ್ಧತಿ, ಇಲ್ಲಿಯೂ ಅದೇ ಪದ್ಧತಿ. ಆದರೆ ತುಂಬಿಸಿ ಕೊಡಬೇಕಾದ ಅಕ್ಕಿ, ಬೇಳೆ, ಬೆಲ್ಲವೆಲ್ಲ ತಮ್ಮ ವಶದಲ್ಲಿದ್ದವು. ಇಂಚರಳನ್ನು ಕಳಿಸಿ ಶಹಜಾದಿ ಬೇಗಂ ಅವರಿಂದ ಒಂದು ಬಟ್ಟಲು ಸಕ್ಕರೆ ತರಿಸಿ, ಅದನ್ನು ಅಂಬಮ್ಮನ ಡಬರಿಗೆ ಹಾಕಿ ಕೊಟ್ಟೆ. ಈಗ ಸಕ್ಕರೆಯ ಬಟ್ಟಲು ಬರಿದಾಯಿತು. ಅದಕ್ಕೆ ಅಂಬಮ್ಮ ಕೊಟ್ಟ ಶೇಂಗಾಚಟ್ನಿ ಹಾಕಿ ಕಳಿಸಿದೆ. ಶಹಜಾದಿ ಬೇಗಂ ಬೆಳ್ಳುಳ್ಳಿಯ ವಾಸನೆಯಿಂದಲೇ ಅದು ಅಂಬಮ್ಮನ ಕೈಯದೆಂದು ಗುರುತು ಹಿಡಿದು, ಚೆನ್ನಾಗಿದೆಯೆಂದು ಹೇಳಲು ಅಂಬಮ್ಮನ ಮನೆಗೇ ಹೋದರು. ಅಲ್ಲಿ ಅವರಿಗೆ ಚಹಾ ಕೊಟ್ಟರಂತೆ, ಅವರದೇ ಸಕ್ಕರೆ ಹಾಕಿ. ಇಬ್ಬರೂ ಸೇರಿ ನಕ್ಕದ್ದು ನಮ್ಮ ಮನೆಯವರೆಗೆ ಕೇಳಿಸಿತು. ನಾನು ನಾಚಿ ಬಾಗಿಲನ್ನು ಅರ್ಧ ಮುಚ್ಚಿಕೊಂಡೆ. ಮರುದಿನ ಡಬರಿ ಮತ್ತೆ ಬಂತು, ಈ ಸಲ ಹಿಟ್ಟಿನ ಪಲ್ಲೆ ತುಂಬಿಕೊಂಡು. ಜೊತೆಗೆ ಓಣಿಯ ಉಳಿದ ಮನೆಗಳಿಂದ ಚರಗಿ, ಗಂಗಾಳ, ಬುಟ್ಟಿಗಳೂ ಬಂದವು. ಒಂದನ್ನೂ ಬರಿದಾಗಿ ಕೊಡಲಾರದೆ ಎಲ್ಲವನ್ನೂ ತೊಳೆದು ಬೋರಲು ಹಾಕಿ ಇಟ್ಟುಕೊಂಡೆ. ಸಾಮಾನೇ ಇಲ್ಲದ ನನ್ನ ಅಡುಗೆಮನೆಯಲ್ಲಿ ಕಾಲಿಡಲು ಜಾಗವಿಲ್ಲದಂತಾಯಿತು.

ಇತ್ತ ತಮ್ಮ ಲಾರಿ ನಾಡು ನೋಡುತ್ತಿತ್ತು. ಬಾಗಲಕೋಟೆಯಲ್ಲಿ ನಾಲ್ಕು ದಿನ ವಿಶ್ರಮಿಸಿ, ಜಿಲ್ಲಾಕೇಂದ್ರವೆಂಬ ಗೌರವದಿಂದ ರಾಯಚೂರು ನಗರಕ್ಕೆ ಬಂದು, ಅಲ್ಲಿಂದ ಯಾರೋ ಕೈ ತೋರಿಸಿದರೆಂದು ದೇವದುರ್ಗಕ್ಕೆ ಹೋಗಿ, ಅಲ್ಲಿ ಕೆಟ್ಟು ನಿಂತು, ರಿಪೇರಿಯಾದ ಸಂತೋಷದಲ್ಲಿ ಗಿಲ್ಲೆಸುಗೂರಿನವರೆಗೂ ಓಡಿತಂತೆ. ಅಲ್ಲಿ ತಮ್ಮ ಚಾಲಕರು ಒಂದು ಮದುವೆಯೂಟ ಮುಗಿಸಿದರೆಂಬುದನ್ನು ಅವರೇ ಆಮೇಲೆ ಸಂಕೋಚವಿಲ್ಲದೆ ಹೇಳಿದರು. ಆದರೂ ದಿನಾ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ನನ್ನ ಮೊಬೈಲಿಗೆ, ತಮ್ಮ ಸಾಮಾನು ತಮ್ಮ ಮನೆಬಾಗಿಲು ತಲುಪಿದೆ, ಅಭಿನಂದನೆಗಳು, ಐದು ನಕ್ಷತ್ರ ಕೊಡಿ ಎಂಬ ಸಂದೇಶ ತಪ್ಪದೆ ಬರುತ್ತಿತ್ತು. ತಮ್ಮಲ್ಲಿ ಸಮಯಕ್ಕೆ ಸರಿಯಾಗಿ ತಲುಪುವ ವಸ್ತು ಅದೊಂದೇ ಆದ್ದರಿಂದ ಅದನ್ನು ನಾನು ನಿಲ್ಲಿಸಹೋಗಲಿಲ್ಲ.

ಶಾಲೆ ಶುರುವಾದ ದಿನ ನನ್ನ ಎರಡು ಸೀರೆಯಲ್ಲಿ ಒಂದು ಒಣಗಿರಲಿಲ್ಲ, ಇನ್ನೊಂದಕ್ಕೆ ಸೃಜನ್ ಶೇಂಗಾಚಟ್ನಿ ಒರೆಸಿದ್ದ. ಅಂಬಮ್ಮನ ಇಳಕಲ್ ಸೀರೆ ಉಟ್ಟು ಕೆಲಸಕ್ಕೆ ಹೋದೆ. ಮಕ್ಕಳು ನನ್ನನ್ನು ಈ ಕಡೆಯವಳೇ ಎಂದು ತಿಳಿದು ಮನೆಯಲ್ಲಿ ಮಾತಾಡುವಂತೆಯೇ ಮಾತಾಡಿದರು, ನನಗೆ ಅರ್ಧ ಅರ್ಥವಾಯಿತು, ಉಳಿದರ್ಧಕ್ಕೆ ತಲೆಯಾಡಿಸಿದೆ. ಇಂಚರ ಮಾತ್ರ ಜೋಯಾಳ ಹಿಂದೆ ಓಣಿ ಸುತ್ತಿ ನನಗಿಂತ ಬೇಗ ಕಲಿಯತೊಡಗಿದಳು. ಬಾಗಿಲ ಬಳಿಯ ಅವಳ ಚೀಲ ಅಲ್ಲೇ ಇತ್ತು. ಅದರಿಂದ ಒಂದು ದಿನ ಸ್ಕಿಪ್ಪಿಂಗ್ ಹಗ್ಗ ಹೊರಬಂತು, ಇನ್ನೊಂದು ದಿನ ಬಣ್ಣದ ಪೆನ್ಸಿಲ್ಲು. ನಾನು ನೋಡಿಯೂ ನೋಡದವಳಂತೆ ಗುಡಿಸಿಕೊಂಡು ಹೋಗುತ್ತಿದ್ದೆ. ಯಜಮಾನರು ಬಕೆಟ್ಟಿನ ಮೇಲೆ ಕೂತು ಲಾರಿ ಬೇಗ ಬರಲೆಂದು ತಮ್ಮವರ ಮೇಲೆ ರೇಗುತ್ತಿದ್ದರೆ, ನಾನು ಒಳಗೆ ನಿಂತು ದೇವರೇ, ಇನ್ನೊಂದು ನಾಲ್ಕು ದಿನ ತಡವಾಗಲಿ ಎಂದು ಬೇಡಿಕೊಳ್ಳುತ್ತಿದ್ದೆ. ತಾವು ನನ್ನ ಮಾತು ಕೇಳಿದಿರಿ, ಅವರದಲ್ಲ. ಇದಕ್ಕಾಗಿ ಕೃತಜ್ಞಳಾಗಿದ್ದೇನೆ.

ಹತ್ತೊಂಬತ್ತನೆಯ ದಿನ, ಭಾನುವಾರ ಹನ್ನೊಂದರ ಹೊತ್ತಿಗೆ, ತಮ್ಮ ಲಾರಿ ಓಣಿಯ ತುದಿಯಲ್ಲಿ ಹಾರ್ನ್ ಹೊಡೆಯಿತು. ಊರಿನವರೆಲ್ಲ ಅದನ್ನು ಹೆಸರಿನಿಂದಲೇ ಬಲ್ಲವರಾಗಿದ್ದರಿಂದ ಸ್ವಾಗತಕ್ಕೆ ನಿಂತರು. ಮಂಚ ಇಳಿಯಿತು, ಬೀರು ಇಳಿಯಿತು. ಬಾಗಿಲಿನಿಂದ ಬಾಗಿಲಿಗೆ ಎಂದವರು ಬೀರುವಿನ ಬಾಗಿಲನ್ನೇ ಎಲ್ಲೋ ಬಿಟ್ಟು ಬಂದಿದ್ದೀರೆಂದು ನಾನು ಚಾಲಕರಿಗೆ ಹೇಳುತ್ತಿದ್ದಾಗಲೇ, ಇಂಚರ ಮನೆಯೊಳಗಿಂದ ಬಂದಳು. ಹೆಗಲಿಗೆ ಚೀಲವಿತ್ತು. ಯಾರ ಮುಖವನ್ನೂ ನೋಡದೆ ಲಾರಿ ಹತ್ತಿ ಒಳಗೆ ಹೋದಳು. ಮಾನ್ಯರೇ, ಬೀರುವಿನ ಮಾತನ್ನು ಅರ್ಧಕ್ಕೇ ಬಿಟ್ಟು ಲಾರಿಯ ಹತ್ತಿರ ಹೋಗಿ ನಿಂತೆ. ಏನು ಹೇಳಿ ಇಳಿಸಲಿ, ಯಾವ ಬಾಯಿಂದ ಹೇಳಲಿ, ಅವಳು ಮೊದಲ ದಿನವೇ ಹೇಳಿದ್ದಳಲ್ಲ. ಅಂಬಮ್ಮ ಬಂದು ನನ್ನ ತೋಳು ಹಿಡಿದುಕೊಂಡರು.

ಒಳಗಿನಿಂದ ಡಬ್ಬಗಳನ್ನು ಎಳೆದಾಡುವ ಸದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಅವಳು ಹೊರಬಂದಾಗ ಆ ಚೀಲದ ತುಂಬ ಅಜ್ಜಿ ಕಟ್ಟಿಕೊಟ್ಟಿದ್ದ ರಾಗಿ ಹುರಿಹಿಟ್ಟಿನ ಡಬ್ಬಿ ಕೂತಿತ್ತು. ಚೀಲ ಅದಕ್ಕೆ ಮೊದಲು ಬರಿದಾಗಿತ್ತಂತೆ. ಎಂದೋ ಎಲ್ಲ ತೆಗೆದು ಗೋಡೆಯ ಗೂಡಿನಲ್ಲಿ ಜೋಡಿಸಿಟ್ಟುಕೊಂಡಿದ್ದಳಂತೆ. ನೇರ ಅಡುಗೆಮನೆಗೆ ಹೋಗಿ, ಬೋರಲು ಹಾಕಿದ್ದ ಅಂಬಮ್ಮನ ಡಬರಿಯನ್ನು ಎತ್ತಿ, ತಾನು ಯಾರಿಗೂ ಒಂದು ಚಮಚ ಕೊಡದ ಆ ಹುರಿಹಿಟ್ಟನ್ನು ಅದಕ್ಕೆ ಸುರಿಯುತ್ತ, ನನ್ನ ಕಡೆ ತಿರುಗಿ ನೋಡದೆ ಹೇಳಿದಳು: “ಯವ್ವಾ, ಡಬರಿ ಬರೇ ಕೊಡಬಾರ್ದಲ್ಲ ಬೇ. ಕೊಟ್ಟು ಬರ್ತೀನಿ.”

ನಂಜನಗೂಡಿನಲ್ಲಿ ನಾನು ಅವಳಿಗೆ ‘ಅಮ್ಮ’ ಆಗಿದ್ದೆ. ಹದಿಮೂರು ವರ್ಷ ಕನ್ನಡ ಕಲಿಸಿದ ಶಿಕ್ಷಕಿ ಆ ವಾಕ್ಯದಲ್ಲಿ ಒಂದಕ್ಷರವನ್ನೂ ತಿದ್ದಲಿಲ್ಲ.

ಆದ್ದರಿಂದ ಮಾನ್ಯರಲ್ಲಿ ನನ್ನ ಬೇಡಿಕೆಗಳನ್ನು ವಿನಯಪೂರ್ವಕ ಸಲ್ಲಿಸುತ್ತೇನೆ. ಮಕ್ಕಳೊಂದಿಗೆ ಊರು ಬಿಟ್ಟು ಊರಿಗೆ ಹೋಗುವವರ ಸಾಮಾನನ್ನು ಇನ್ನು ಮುಂದೆ ಕಡ್ಡಾಯವಾಗಿ ದಾರಿ ತಪ್ಪಿಸತಕ್ಕದ್ದು. ಹತ್ತೊಂಬತ್ತು ದಿನಕ್ಕಿಂತ ಮೊದಲು ತಲುಪಿಸಿದ ಚಾಲಕರಿಂದ ವಿವರಣೆ ಕೇಳತಕ್ಕದ್ದು. ಸಾಮಾನು ಸಮಯಕ್ಕೆ ಬಂದಿದ್ದರೆ ನಾವು ಬಾಗಿಲು ಹಾಕಿಕೊಂಡು ಟಿ.ವಿ. ನೋಡುತ್ತಿದ್ದೆವು, ಅಂಬಮ್ಮ ಯಾರೆಂದು ತಿಳಿಯಲು ವರ್ಷ ಬೇಕಾಗುತ್ತಿತ್ತು. ಕೋಟೆ ಕಟ್ಟಿದ ಆ ಗುಮಾಸ್ತರಿಗೆ ಬಡ್ತಿ ಕೊಡಬೇಕು, ಆದರೆ ಅವರು ಆಂಬುಲೆನ್ಸ್ ಕೆಲಸಕ್ಕೆ ಸೇರದಂತೆ ನೋಡಿಕೊಳ್ಳಬೇಕು. ಕೊನೆಯದಾಗಿ, ಸೃಜನ್ ಈಗ ಹೊರಸಿನ ಮೇಲಲ್ಲದೆ ಮಲಗುವುದಿಲ್ಲವಾಗಿ ನಮ್ಮ ತೇಗದ ಮಂಚಕ್ಕೆ ಇಲ್ಲಿ ಕೆಲಸವಿಲ್ಲ. ಅದನ್ನು ನಂಜನಗೂಡಿಗೆ ಹಿಂದಿರುಗಿಸಿ, ಬೇಕಾದರೆ ಬಂದ ದಾರಿಯಲ್ಲೇ ಹೋಗಿ, ಮದುವೆಯೂಟ ಸಿಕ್ಕರೆ ಮುಗಿಸಿಕೊಂಡೇ ಹೋಗಿ.

ಇಂತು, ಹತ್ತೊಂಬತ್ತು ದಿನ ತಮ್ಮ ದಾರಿ ಕಾದು, ಇನ್ನು ಮುಂದೆ ಕಾಯದಿರುವ

ತಮ್ಮ ವಿಶ್ವಾಸಿ,
ಶಶಿಕಲಾ
ಅಂಬಮ್ಮನ ಮನೆಯೆದುರು, ಬಾಗಲವಾಡ (ಕೋಟೆಯಲ್ಲ)

ತಾ.ಕ.: ನಲವತ್ತಮೂರು ನಗ ಕಳಿಸಿದ ನನಗೆ ನಲವತ್ತನಾಲ್ಕು ಬಂದಿವೆ. ಹೆಚ್ಚಿಗೆ ಬಂದದ್ದು ಒಂದು ದೊಡ್ಡ ಸ್ಟೀಲ್ ಡಬ್ಬ, ಮೇಲೆ ‘ಉಮಾದೇವಿ’ ಎಂದು ಹೆಸರು ಕೆತ್ತಲಾಗಿದೆ. ಆ ತಾಯಿ ಯಾವ ಊರಿನ ಬರೀ ಮನೆಯಲ್ಲಿ ಇದರ ದಾರಿ ಕಾಯುತ್ತಿದ್ದಾರೋ ತಿಳಿಯದು, ತಾವೇ ಹುಡುಕಿ ತಲುಪಿಸಬೇಕು. ಬರಿದಾಗಿ ಕೊಡಬಾರದೆಂದು ಇಂಚರ ಮತ್ತು ಜೋಯಾ ಅದರ ತುಂಬ ಕಡಕ್ ರೊಟ್ಟಿ ಜೋಡಿಸಿದ್ದಾರೆ. ಕಡಕ್ ರೊಟ್ಟಿ ತಿಂಗಳಾದರೂ ಕೆಡುವುದಿಲ್ಲ. ತಮ್ಮ ಸೇವೆಯನ್ನು ಗಮನದಲ್ಲಿಟ್ಟುಕೊಂಡೇ ಅದನ್ನು ಆರಿಸಿದ್ದೇವೆ.