ಗುನುಗು ಹೂವಿನ ಪೇಚಾಟ

"ಬತುಕಮ್ಮ ಹಬ್ಬಕ್ಕ ಹೂವು ಒಯ್ಯಾಕ ಇವತ್ತ ಕಾಲೋನಿ ಹೆಣ್ಮಕ್ಕಳು ನಮ್ಮ ಹೊಲಕ್ಕ ಬರ್ತಾರ. ಅವರ ಮುಂದ ನನ್ನ ಮರ್ಯಾದಿ ಹೋತಂದ್ರ ಹೊಲಾ ಮಾರೂದ ಸೈ!" ಎಂದು ಸಾವಿತ್ರಿ ಬೆಳಗಿನ ಚಹಾದ ಜೊತೆಗೇ ತೀರ್ಪು ಕೊಟ್ಟಳು.

ಗಂಡ ಗುರುಶಾಂತ ಚಹಾ ಅರ್ಧಕ್ಕೇ ಬಿಟ್ಟು ಎದ್ದ. ಸರ್ಕಾರಿ ನೌಕರಿಯಿಂದ ನಿವೃತ್ತನಾದ ಮೇಲೆ ಹೈದರಾಬಾದಿನ ಲಿಂಗಂಪಲ್ಲಿಯ ಆಚೆ ಕೊಂಡ ಆ ಅರ್ಧ ಎಕರೆಯೇ ಅವನ ಪ್ರಾಣ. ಎದ್ದೆನೋ ಬಿದ್ದೆನೋ ಎಂದು ಹೊಲಕ್ಕೆ ಓಡಿದ. ಬೇಸಿಗೆಯ ಬದನೆ ಮುಗಿದು, ಮಳೆ ಹಿಂದೆ ಸರಿದು, ಗಾಳಿಗೆ ತಂಪು ಬಂದಿತ್ತು. ಅವನು ಹಚ್ಚಿದ ಚೆಂಡುಹೂ ಅರಳಿತ್ತು. ಆದರೆ ನಡುನಡುವೆ ಬಿಳಿ ತೆನೆಯ ಕಳೆ ಸೊಂಟದೆತ್ತರ ಬೆಳೆದಿತ್ತು.

ಬೇಲಿಯಾಚೆಯ ವಿಶ್ವಜಿತನಿಗೆ ಒಂದು ಎಮ್ಮೆ, ಬಾಯಿ ತುಂಬ ಸಲಹೆ. "ಅಣ್ಣಾರ, ಈ ಕಸದಾಗ ನಿಮ್ಮ ಹೂವು ಯಾರಿಗೆ ಕಾಣ್ತಾವ್ರಿ? ಕಿತ್ತು ಈ ಕಡೆ ಒಗೀರಿ. ನನ್ನ ಎಮ್ಮಿಗರ ಆಗ್ತದ."

ಮಧ್ಯಾಹ್ನದ ಹೊತ್ತಿಗೆ ಹೊಲ ಚೊಕ್ಕವಾಯಿತು, ಗುರುಶಾಂತನ ಸೊಂಟ ಬಿದ್ದುಹೋಯಿತು. ಸಾವಿತ್ರಿಯೊಂದಿಗೆ ಆಟೋದಿಂದ ಇಳಿದ ಹೆಂಗಸರು ಚೆಂಡುಹೂವಿನ ಕಡೆ ತಿರುಗಿಯೂ ನೋಡಲಿಲ್ಲ.

"ಗುನುಗು ಎಕ್ಕಡಂಡಿ?" ಎಂದಳು ಒಬ್ಬಾಕೆ.

ಸಾವಿತ್ರಿ ಗಂಡನತ್ತ ಕಣ್ಣು ಬಿಟ್ಟಳು. "ರೀ, ಗುನುಗು ಎಲ್ಲೈತಿ? ಹ್ವಾದ ವಾರ ಹೊಲಾ ತುಂಬ ಇತ್ತು! ಚೆಂಡುಹೂವು ಬಜಾರದಾಗ ಬೇಕಾದಷ್ಟು ಸಿಗ್ತಾವ. ಇವ್ರು ಬಂದಿದ್ದ ಆ ಬಿಳಿ ಹೂವಿಗೆ!"

ಹೈದರಾಬಾದಿನಲ್ಲೇ ತಲೆ ನರೆತರೂ ಗುರುಶಾಂತ ಕಂಡದ್ದು ಬತುಕಮ್ಮನ ಹೂಗೋಪುರಕ್ಕೆ ಕೆಂಪು, ಹಸಿರು ಬಣ್ಣದಲ್ಲಿ ಅದ್ದಿ ಜೋಡಿಸಿದ ಗುನುಗನ್ನು ಮಾತ್ರ. ಅದು ಹುಟ್ಟಾ ಬಿಳಿ ಕಳೆ ಎಂದು ಯಾರೂ ಹೇಳಿರಲಿಲ್ಲ.

ಬೇಲಿ ಹಾರಿದ. ಪಂಚೆಯ ಒಂದು ಚೂರು ಮುಳ್ಳಿನ ಪಾಲಾಯಿತು. ಆಚೆ ಎಮ್ಮೆ ಸಾವಕಾಶವಾಗಿ ಹಬ್ಬ ಮಾಡುತ್ತಿತ್ತು. "ಬಿಡವ್ವಾ, ನಿನ್ನ ಕಾಲಿಗೆ ಬೀಳ್ತೀನಿ!" ಎಂದು ಒಂದು ಕಂತೆಯನ್ನು ಅದರ ಬಾಯಿಂದಲೇ ಎಳೆದ.

"ಕೊಟ್ಟಿದ್ದು ತಿರುಗಿ ಕಸಗೊಳ್ಳೂದು ಚಲೋ ಅಲ್ರಿ ಅಣ್ಣಾರ," ಎಂದು ವಿಶ್ವಜಿತ್ ಎಮ್ಮೆಯ ಪರ ವಕಾಲತ್ತು ವಹಿಸಿದ.

ಅಂತೂ ಮುಕ್ಕಾಲು ರಾಶಿ ಉಳಿಯಿತು. ಹೆಂಗಸರು ಚೀಲ ತುಂಬಿಕೊಂಡು, ಇಂಥ ಹೊಲ ಊರಲ್ಲೇ ಇಲ್ಲವೆಂದು ಹೊಗಳಿ ಹೋದರು. ಸಾವಿತ್ರಿಯ ಮುಖ ಅರಳಿತು.

"ರೀ, ಹೊಲಾ ಮಾರೂದು ಬ್ಯಾಡ."

ಗುರುಶಾಂತನಿಗೆ ಖುಷಿಯಿಂದ ಕಣ್ಣೀರೇ ಬಂತು.

"ಮುಂದಿನ ವರ್ಷ ಇಡೀ ಕಾಲೋನಿಗೆ ಗುನುಗು ಕೊಡ್ತೀನಂತ ಮಾತು ಕೊಟ್ಟೀನಿ," ಎನ್ನುತ್ತ ಅವಳು ಗೇಟಿನ ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಅದು ತಾನ ಬೆಳೀತೈತಿ. ನೀವು ಮಾತ್ರ ಅಲ್ಲೀತನಕ ಈ ಕಡೆ ಹಾಯಬ್ಯಾಡ್ರಿ."