ನಕ್ಷತ್ರಕ್ಕೆ ಕೂದಲೆಷ್ಟು

“ಒಂದು ಕೂದಲೋ, ಹತ್ತು ಕೂದಲೋ?”

ಮರಳಿಗೆ ಮೂಗು ತಾಗಿಸಿ ಬೋರಲು ಮಲಗಿದ್ದ ವೆಂಡೆಲ್ ಹೀಗೆ ಕೇಳಿದ್ದು ಯಾರನ್ನೂ ಅಲ್ಲ. ಸುತ್ತ ಅರ್ಧ ಮೈಲಿ ಕ್ರಿಯಸೋಟ್ ಪೊದೆಗಳನ್ನು ಬಿಟ್ಟರೆ ಕೇಳಿಸಿಕೊಳ್ಳುವವರೂ ಇರಲಿಲ್ಲ. ಅವನ ಮೂಗಿನ ಮುಂದೆ ಅಂಗಿಯ ಗುಂಡಿಯಷ್ಟಗಲದ ಒಂದು ಬಿಳಿ ಹೂವು, ನಡುವೆ ಹಳದಿ ತುಂಬಿಕೊಂಡು, ನೆಲಕ್ಕೆ ಅಂಟಿದಂತೆ ಅರಳಿತ್ತು. ಮೊಹಾವಿ ಮರುಭೂಮಿಯಲ್ಲಿ ಇಂಥವಕ್ಕೆ ಹೊಟ್ಟೆಹೂವು ಎನ್ನುತ್ತಾರೆ. ನಿಂತು ನೋಡಿದವನಿಗೆ ಬರೀ ಮರಳು. ಬಾಗಿ ನೋಡಿದವನಿಗೆ ಬರೀ ಚುಕ್ಕೆ. ಹೊಟ್ಟೆಯ ಮೇಲೆ ಅಡ್ಡಬಿದ್ದವನಿಗೆ ಮಾತ್ರ ನಕ್ಷತ್ರ.

ನಕ್ಷತ್ರವೆಂದೇ ಅದರ ಹೆಸರು. ಆದರೆ ನಕ್ಷತ್ರಗಳು ಅಕ್ಕತಂಗಿಯರಿಬ್ಬರು. ಅಕ್ಕ ಎಲ್ಲೆಂದರಲ್ಲಿ ಸಿಗುವವಳು, ತಂಗಿ ಅಪರೂಪ. ಇಬ್ಬರನ್ನೂ ಎದುರುಬದುರು ನಿಲ್ಲಿಸಿದರೆ ಹೆತ್ತ ಮಣ್ಣಿಗೂ ಗುರುತು ಸಿಗದು. ನಡುವಿನ ಹಳದಿಯಲ್ಲಿ ಒತ್ತಾಗಿ ಕೂತಿರುವ ಪುಟಾಣಿ ಹೂಗಳಲ್ಲಿ ಒಂದನ್ನು ಸೂಜಿಯಿಂದ ಸರಿಸಿ, ಭೂತಗನ್ನಡಿ ಹಿಡಿದು ನೋಡಬೇಕು. ಅದರ ಬುಡದಲ್ಲಿ ಅಕ್ಕನಿಗೆ ಹತ್ತಾರು ಬಿರುಗೂದಲು. ತಂಗಿಗೆ ಒಂದೇ ಒಂದು, ಅದರ ತುದಿಗೆ ಗರಿಯಂಥ ಕುಚ್ಚು. ಹೂವನ್ನು ಕೀಳುವಂತಿಲ್ಲ.

ವರ್ಷದ ಮೊದಲ ನಕ್ಷತ್ರವನ್ನು ಹೀಗೆ ನೋಡಿ, ಇಬ್ಬರು ಸಾಕ್ಷಿಗಳೆದುರು ಕೂದಲೆಣಿಸಿ ಹೇಳಿದವರೇ ಭಾನುವಾರದ ಹೂನಡಿಗೆಗೆ ಮುಂದಾಳು ಎಂಬುದು ಊರಿನ ಹೂಸಂಘದ ಕಟ್ಟಳೆ. ಶಾಲೆಯ ಬಸ್ಸು ಓಡಿಸಿ ನಿವೃತ್ತನಾಗಿದ್ದ ವೆಂಡೆಲ್ ಹನ್ನೊಂದು ವರ್ಷಗಳಿಂದ ಆ ನಡಿಗೆಯ ಬಾಲದಲ್ಲೇ ಇದ್ದ. ಹಿಂದೆ ಉಳಿದವರನ್ನು ಮುಂದಕ್ಕೆ ಅಟ್ಟುವುದು ಅವನ ಕೆಲಸ. ಒಮ್ಮೆಯಾದರೂ ಮುಂದೆ ನಡೆಯಬೇಕೆಂಬುದು ಅವನಾಸೆ. ಈ ಸಲ ಮಳೆ ಕೈಕೊಟ್ಟು, ಇಡೀ ಬಯಲಿಗೆ ಇದೊಂದೇ ಹೂವು ಎದ್ದಿತ್ತು. ಸಂಘದ ಅಧ್ಯಕ್ಷೆ ಹಾರಿಯೆಟ್ ಮೇಡಂಗೆ ಫೋನು ಮಾಡಿ, ಅವರು ಬರುವಷ್ಟರಲ್ಲಿ ಎಣಿಸಿಟ್ಟುಕೊಳ್ಳೋಣವೆಂದು ಮಲಗಿದ್ದ. ಅವನು ಉಸಿರು ಬಿಟ್ಟಾಗಲೆಲ್ಲ ಹೂವು ತಲೆಯಾಡಿಸುತ್ತಿತ್ತು, ಕೂದಲು ಒಂದು ಎನ್ನುವಷ್ಟರಲ್ಲಿ ಎರಡಾಗಿ ಕಾಣುತ್ತಿತ್ತು. ಕೊನೆಗೆ ಉಸಿರು ಬಿಗಿಹಿಡಿದು ಕೊರಡಿನ ಹಾಗೆ ಬಿದ್ದುಕೊಂಡ.

ಪೊದೆಯಾಚೆ ಚಾಚಿದ್ದ ಅವನ ಬೂಟುಗಳು ಪಕ್ಕದ ಮನೆಯ ಲರ್ಲೀನಳ ಕಣ್ಣಿಗೆ ಬಿದ್ದದ್ದು ಆಗಲೇ. ಕಸ ಎಸೆದು ಬರಲು ಹೊರಟಿದ್ದವಳು ಕಾರು ನಿಲ್ಲಿಸಿ, ಆಂಬುಲೆನ್ಸಿಗೆ ಫೋನು ಹಚ್ಚಿಕೊಂಡೇ ಓಡಿಬಂದಳು.

“ವೆಂಡೆಲ್, ಉಸಿರಾಡ್ತಿದ್ದೀಯಾ?”

“ಇಲ್ಲ. ಆಡಿದ್ರೆ ಹೂ ಅಲ್ಲಾಡುತ್ತೆ.”

“ಏನೇನೋ ಬಡಬಡಿಸ್ತಿದಾನೆ,” ಎಂದಳು ಲರ್ಲೀನ್ ಫೋನಿಗೆ. “ಬಿಸಿಲು ನೆತ್ತಿಗೇರಿದೆ. ಬೇಗ ಬನ್ನಿ.”

“ನಂಗೇನೂ ಆಗಿಲ್ಲ ಮಾರಾಯ್ತಿ. ಆ ಕಡೆ ಸರಿ, ನೆರಳು ಬೀಳ್ತಿದೆ.”

“ನಮ್ಮಣ್ಣನೂ ಹಿಂಗೇ ಅಂದಿದ್ದ, ಏನೂ ಆಗಿಲ್ಲ ಅಂತ. ಶುಕ್ರವಾರ ಮಣ್ಣು ಮಾಡಿದ್ವಿ.”

ಹತ್ತು ನಿಮಿಷಕ್ಕೆ ಆಂಬುಲೆನ್ಸು ಬಂತು, ಅದರ ಧೂಳಿನ ಹಿಂದೆಯೇ ಹಾರಿಯೆಟ್ ಮೇಡಂ. ಆಂಬುಲೆನ್ಸಿನ ರೊಸಾಲ್ವಾ ಇಳಿದು, “ಏಳೋಕಾಗುತ್ತಾ?” ಎಂದಳು. ಆಗುತ್ತದೆಂದು ತೋರಿಸಲು ವೆಂಡೆಲ್ ಧಡಕ್ಕನೆ ಎದ್ದ. ಒಂದು ಗಂಟೆ ಮಲಗಿ ಜೋಮು ಹಿಡಿದಿದ್ದ ಕಾಲುಗಳು ಅವನ ಜೊತೆ ಏಳಲಿಲ್ಲ. ಹೊಸದಾಗಿ ಹುಟ್ಟಿದ ಕರುವಿನಂತೆ ತೂರಾಡಿ ರೊಸಾಲ್ವಾಳ ತೋಳಿಗೇ ಬಿದ್ದ. ಅವಳಿಗೆ ಅಷ್ಟೇ ಸಾಕಾಯಿತು. ಸ್ಟ್ರೆಚರಿನ ಮೇಲೆ ಮಲಗಿಸಿ ಮೂರು ಪಟ್ಟಿ ಬಿಗಿದಾಯಿತು.

“ಬಿಪಿ ನೂರ ಎಪ್ಪತ್ತು,” ಎಂದಳು ರೊಸಾಲ್ವಾ.

“ಅದನ್ನ ಏರಿಸಿದ್ದು ಲರ್ಲೀನ್. ಬಿಚ್ಚಮ್ಮಾ, ಕೂದಲೆಣಿಸ್ಬೇಕು.”

“ನೋಡಿದ್ಯಾ, ಕೂದಲಂತೆ,” ಎಂದಳು ಲರ್ಲೀನ್.

“ಮೊದ್ಲು ಬಿಪಿ ಇಳೀಲಿ,” ಎಂದು ರೊಸಾಲ್ವಾ ಅವನ ಕೈಯಿಂದ ಭೂತಗನ್ನಡಿಯನ್ನೂ ಸೂಜಿಯನ್ನೂ ಬಿಡಿಸಿಕೊಂಡಳು. “ಇಷ್ಟು ತಲೆ ಕೆಡಿಸ್ಕೊಂಡಿರೋದು ಏನದು, ನಾನೇ ನೋಡ್ತೀನಿ.”

ಅವಳೂ ಹೊಟ್ಟೆಯ ಮೇಲೆ ಮಲಗಿ, ಮೇಡಂ ಹೇಳಿಕೊಟ್ಟಂತೆ ಪುಟಾಣಿ ಹೂವೊಂದನ್ನು ಸೂಜಿಯಿಂದ ಸರಿಸಿದಳು. ಎಷ್ಟು ಹೊತ್ತಾದರೂ ಏಳಲಿಲ್ಲ. ಲರ್ಲೀನ್ ಮತ್ತೆ ಫೋನು ತೆಗೆಯುವುದರಲ್ಲಿದ್ದಾಗ ನೆಲದಿಂದ ಮಾತು ಬಂತು.

“ಒಂದೇ ಕೂದಲು. ತುದೀಲಿ ಗರಿ ಥರ ಕುಚ್ಚು.”

“ತಂಗಿ,” ಎಂದರು ಹಾರಿಯೆಟ್ ಮೇಡಂ, ಪುಸ್ತಕ ತೆರೆಯುತ್ತ. ಅವರು ವೆಂಡೆಲ್ ಬಸ್ಸು ಓಡಿಸುತ್ತಿದ್ದ ಶಾಲೆಗೇ ಮುಖ್ಯೋಪಾಧ್ಯಾಯಿನಿಯಾಗಿದ್ದವರು. “ಸಾಕ್ಷಿ ನಾನು ಮತ್ತೆ ಲರ್ಲೀನ್.”

“ಬರೀಬೇಡಿ ಮೇಡಂ,” ವೆಂಡೆಲ್ ಪಟ್ಟಿಯೊಳಗೇ ಒದ್ದಾಡಿದ. “ಅವಳಿಗೇನು ಗೊತ್ತು? ಯಾವ್ದೋ ಧೂಳು ಕಂಡಿರುತ್ತೆ. ನಾನೊಂದ್ಸಲ ನೋಡ್ತೀನಿ.”

ಮೇಡಂ ಯೋಚಿಸಿದರು. “ನ್ಯಾಯವೇ. ಅವನನ್ನ ಬಿಚ್ಚು, ರೊಸಾಲ್ವಾ.”

ಒಂದು ಪಟ್ಟಿ ಬಿಚ್ಚುವಷ್ಟರಲ್ಲಿ ಪೊದೆಯ ಬುಡದಿಂದ ಊಟದ ತಟ್ಟೆಯಷ್ಟಗಲದ ಆಮೆಯೊಂದು ಹೊರಬಂತು. ಮರುಭೂಮಿಯ ಆಮೆಯನ್ನು ಕಾಯ್ದೆ ಪ್ರಕಾರ ಯಾರೂ ಮುಟ್ಟುವಂತಿಲ್ಲ, ಓಡಿಸುವಂತಿಲ್ಲ. ಬೆದರಿದರೆ ಅದು ಹೊಟ್ಟೆಯಲ್ಲಿ ಕೂಡಿಟ್ಟ ನೀರನ್ನೆಲ್ಲ ಚೆಲ್ಲಿಬಿಡುತ್ತದೆ, ಆಮೇಲೆ ಬಾಯಾರಿ ಸಾಯುತ್ತದೆ. ಅಲ್ಲಿಯ ಮಕ್ಕಳಿಗೂ ಇದು ಗೊತ್ತು.

“ಯಾರೂ ಅಲುಗಾಡಬೇಡಿ,” ಎಂದರು ಮೇಡಂ ಪಿಸುದನಿಯಲ್ಲಿ.

ಯಾರೂ ಅಲುಗಾಡಲಿಲ್ಲ. ಆಮೆ ಹೂವಿನ ಮುಂದೆ ನಿಂತು ಕತ್ತು ಚಾಚಿತು. ಊಟಕ್ಕೆ ಮುಂಚೆ ದೇವರನ್ನು ನೆನೆಯುವವರಂತೆ ಒಂದು ಗಳಿಗೆ ಕಣ್ಣು ಮುಚ್ಚಿತು. ಆಮೇಲೆ ಒಂದೇ ತುತ್ತು. ಕೂದಲೆಣಿಸುತ್ತಿರುವ ಹಾಗೆ ಬಹಳ ಹೊತ್ತು ಅಗಿದು, ಬಂದಷ್ಟೇ ನಿಧಾನವಾಗಿ ಹಿಂದಿರುಗಿತು.

ಹಾರಿಯೆಟ್ ಮೇಡಂ ಬರೆದು ಮುಗಿಸಿದರು. “ಮತ್ತೆ ನೋಡೋಕೆ ಹೂವಿಲ್ಲ. ಹೇಳಿದ್ದೇ ಉಳೀತು. ಭಾನುವಾರ ರೊಸಾಲ್ವಾ ಮುಂದೆ ನಡೀತಾಳೆ.”

ವೆಂಡೆಲನ ಮೈಮೇಲೆ ಇನ್ನೂ ಎರಡು ಪಟ್ಟಿಗಳಿದ್ದವು. ತಲೆಯನ್ನಷ್ಟೇ ಎತ್ತಿ, “ರೊಸಾಲ್ವಾ,” ಎಂದ ಮೆಲ್ಲಗೆ, “ನಿಂಗೆ ಹೂವು ಗೀವು ಬೇಕಾಗಿಲ್ಲ. ನಡಿಗೆಗೆ ಒಂದಿನಾನೂ ಬಂದವಳಲ್ಲ. ನಾನು ಹನ್ನೊಂದು ವರ್ಷ ಕಾದಿದೀನಿ. ಭಾನುವಾರಾನ ನಂಗೆ ಬಿಟ್ಕೊಡು.”

ರೊಸಾಲ್ವಾ ಮೊಣಕೈಗೆ ಮೆತ್ತಿದ ಮರಳನ್ನೂ ಒರೆಸಿಕೊಳ್ಳದೆ, ಬರಿದಾದ ಆ ಜಾಗವನ್ನೇ ನೋಡುತ್ತಿದ್ದಳು.

“ಹದಿನಾಲ್ಕು ವರ್ಷ ಈ ಬಯಲ ಮೇಲೇ ಗಾಡಿ ಓಡಿಸಿದೀನಿ,” ಎಂದಳು. “ಕೆಳಗೆ ಇಂಥದ್ದಿದೆ ಅಂತ ಗೊತ್ತೇ ಇರ್ಲಿಲ್ಲ. ಇಲ್ಲ ವೆಂಡೆಲ್, ಬಿಟ್ಕೊಡಲ್ಲ.”