ಸೆರಗು ಹೊದ್ದು ಹಾಲು ಕರೆದದ್ದು

ಬೇರೆಯವರ ಆಪರೇಷನ್ನಿಗೆ ಧೈರ್ಯ ಹೇಳುವುದು ಬಲು ಸುಲಭ ಎಂದು ಲೋಕ ನಂಬಿದೆ. ನನಗೆ ಅದೂ ಬರುವುದಿಲ್ಲ. ಇಂಜೆಕ್ಷನ್ ಸೂಜಿ ಕಂಡರೆ ಮುಖ ಆ ಕಡೆ ತಿರುಗಿಸುವವನು ನಾನು, ಚುಚ್ಚುತ್ತಿರುವುದು ಪಕ್ಕದವರಿಗೇ ಆಗಿದ್ದರೂ. ಇಂಥವನ ಹೆಂಡತಿ ರತ್ನಮ್ಮ ಹೋದ ಮಳೆಗಾಲದಲ್ಲಿ ಕೊಟ್ಟಿಗೆಯ ಗಂಜಲದಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡಳು. ಕುಯ್ದು ಒಳಗೆ ಕಂಬಿ ಹಾಕದಿದ್ದರೆ ನಡೆಯುವುದೇ ಕಷ್ಟ ಎಂದರು ಡಾಕ್ಟರು. ನಡೆದರೂ ಮೊದಲಿನಂತೆ ಕುಕ್ಕರಗಾಲಲ್ಲಿ ಕೂರಲು ಆದೀತೋ ಇಲ್ಲವೋ ಈಗಲೇ ಹೇಳಲಾರೆ ಎಂದೂ ಸೇರಿಸಿದರು. ಕುಕ್ಕರಗಾಲಲ್ಲಿ ಕೂರದೆ ಹಸು ಕರೆಯುವುದು ಹೇಗೆ? ನಾನು ರಾಬರ್ಟ್‌ಸನ್‌ಪೇಟೆಯ ಜೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದೇನೆ, ನಿಜ. ಆದರೆ ಬೇತಮಂಗಲದ ರಸ್ತೆಯಲ್ಲಿರುವ ನಮ್ಮೂರಿನಲ್ಲಿ ನನ್ನನ್ನು ಗುರುತಿಸುವುದು ಡೇರಿಗೆ ಹಾಲು ಹಾಕುವ ರತ್ನಮ್ಮನ ಗಂಡ ಎಂದೇ.

ನಮ್ಮ ಕಡೆ ಮೂಳೆ ಮುರಿದರೆ ಆಂಧ್ರಕ್ಕೆ ಹೋಗಿ ನಾಟಿ ವೈದ್ಯರಿಂದ ಕಟ್ಟು ಹಾಕಿಸಿಕೊಂಡು ಬರುವುದು ರೂಢಿ. ನೆಂಟರು ಆಗಲೇ ವ್ಯಾನು ಗೊತ್ತು ಮಾಡಲು ಹೊರಟಿದ್ದರು. ಅಲ್ಲಿ ಕುಯ್ಯುವುದಿಲ್ಲ ಎಂಬ ಒಂದೇ ಕಾರಣಕ್ಕೆ ನಾನೂ ಅವರ ಪಕ್ಷ ಸೇರಿದೆ. ರತ್ನಮ್ಮ ಮಲಗಿದ್ದಲ್ಲಿಂದಲೇ ಕೇಳಿದಳು: "ಮೂಳೆ ಮುರ್ದಿರೋದು ನಂಗೋ, ನಿಮ್ಗೋ?" ವ್ಯಾನಿನವನಿಗೆ ಫೋನು ಹಚ್ಚುತ್ತಿದ್ದವರು ಅದನ್ನು ಜೇಬಿಗಿಳಿಸಿದರು. "ಕಂಬಿ ಆಕ್ಲಿ. ನಾನು ಎದ್ದು ಓಡಾಡ್ಬೇಕು." ಅಷ್ಟು ನೋವಿನಲ್ಲೂ ದನಿ ನಡುಗಲಿಲ್ಲ. ನನಗೆ ಹೆಮ್ಮೆಯಾಯಿತು, ಹೆಮ್ಮೆಯ ಹಿಂದೆಯೇ ತಲೆಯೂ ಸುತ್ತಿತು.

ಆಪರೇಷನ್ ದಿನ ಅವಳನ್ನು ಒಳಗೆ ತಳ್ಳಿಕೊಂಡು ಹೋಗುವ ಮುಂಚೆ ಹೇಳಬೇಕೆಂದು ಧೈರ್ಯದ ಮಾತುಗಳನ್ನು ಬಸ್ಸಿನಲ್ಲೇ ಉರು ಹೊಡೆದುಕೊಂಡು ಬಂದಿದ್ದೆ. ಆ ಹೊತ್ತಿಗೆ ಎಲ್ಲ ಮರೆತು ಅವಳ ಹೊದಿಕೆ ಸರಿಮಾಡುತ್ತ ನಿಂತೆ. ಅವಳೇ ಕೈಸನ್ನೆ ಮಾಡಿ ಕರೆದಳು. ಏನೋ ಮನಸ್ಸಿನ ಮಾತು ಹೇಳುತ್ತಾಳೆಂದು ಬಗ್ಗಿ ಕಿವಿಗೊಟ್ಟೆ.

"ಇಷ್ಟು ದಿನ ಪಕ್ಕದ್ಮನೆ ಪಾಪಮ್ಮ ಹಸ ಕರ್ದವ್ಳೆ. ಇವತ್ತು ಮಗಳ ಬಾಣಂತನಕ್ಕೆ ಬಂಗಾರಪೇಟೆಗೆ ಓಯ್ತಾಳೆ. ಸಾಯಂಕಾಲ ನೀವೇ ಕರೀಬೇಕು. ಗಂಡಸ್ರು ಕೂತ್ರೆ ಅದು ಹಾಲು ಬಿಡಲ್ಲ. ನನ್ನ ಅಳೇ ಸೀರೆ ಕೊಟ್ಟಿಗೆ ಗೂಟದಾಗೈತೆ. ಸುತ್ಕೊಂಡು, ತಲೆ ಮ್ಯಾಲೆ ಸೆರಗಾಕ್ಕೊಂಡು ಕೂತ್ಕೊಳಿ. ಬಾಯಿ ಬಿಡ್ಬೇಡಿ, ದನಿ ಕಂಡಿಡೀತದೆ."

ಇಷ್ಟು ಹೇಳಿ, ಸಂತೆಗೆ ಹೋಗುವವಳಂತೆ ನಿರಾಳವಾಗಿ ಒಳಗೆ ಹೋದಳು. ಹೊರಗೆ ಬೆಂಚಿನ ಮೇಲೆ ನಾನು ಬೆವರಿದ್ದು ನೋಡಿ ನರ್ಸಮ್ಮ ಖಾಲಿ ಮಂಚವೊಂದರ ಮೇಲೆ ಮಲಗಿಸಿ ಗ್ಲೂಕೋಸ್ ನೀರು ಕುಡಿಸಿದರು. ಆಪರೇಷನ್ ಮುಗಿದು ಅವಳು ಕಣ್ಣು ಬಿಟ್ಟು ಮೊದಲು ಕೇಳಿದ್ದು ನನ್ನ ಆರೋಗ್ಯವನ್ನು.

ಅವಳ ತಂಗಿಯನ್ನು ಆಸ್ಪತ್ರೆಯಲ್ಲಿ ಬಿಟ್ಟು ಸಂಜೆ ಮನೆಗೆ ಬಂದು ಸೀರೆ ಸುತ್ತಿಕೊಂಡೆ. ಹಳ್ಳಿಗಳಲ್ಲಿ ಹೀಗೆ ಮಾಡುವವರಿದ್ದಾರೆ, ಆದರೆ ಅವರು ಯಾರೂ ಹೇಳಿಕೊಳ್ಳುವುದಿಲ್ಲ. ಹಸು ಸೀರೆಯನ್ನು ಮೂಸಿ ಸಮಾಧಾನಗೊಂಡಿತು. ಆಮೇಲೆ ನನ್ನ ಮೀಸೆಯನ್ನು ಬಹಳ ಹೊತ್ತು ನೋಡಿತು. ನಾನು ಸೆರಗನ್ನು ಇನ್ನಷ್ಟು ಮುಂದಕ್ಕೆಳೆದುಕೊಂಡೆ. ಕೊನೆಗೆ ಪಾತ್ರೆಯ ತಳ ಮುಚ್ಚುವಷ್ಟು ಹಾಲು ಬಿಟ್ಟಿತು. ನನ್ನ ಮೇಲಿನ ಕನಿಕರದಿಂದ ಇರಬೇಕು.

ರತ್ನಮ್ಮ ಮನೆಗೆ ಬಂದಳು. ಅಂಗಡಿಯಲ್ಲಿ ನನ್ನ ಜೊತೆ ಕೆಲಸ ಮಾಡುವ ಸೆಲ್ವಂ ಗಣಿ ಕಾಲೋನಿ ಕೋರಮಂಡಲ್‌ನ ತನ್ನ ಮನೆಯಿಂದ ಅವರಪ್ಪನ ವಾಕರ್ ತಂದುಕೊಟ್ಟ. ಕೊಟ್ಟಿಗೆ ಕಾಣುವ ಕಿಟಕಿಯ ಪಕ್ಕದಲ್ಲೇ ಮಂಚ ಹಾಕಿಸಿಕೊಂಡಳು. ನಾನು ಹಾಲು ಕರೆಯುತ್ತಿದ್ದರೆ ಕಿಟಕಿಯಿಂದ ಅಪ್ಪಣೆಗಳು ಬರುತ್ತಿದ್ದವು. ಉತ್ತರ ಕೊಡೋಣವೆಂದರೆ ನಾನು ಬಾಯಿ ಬಿಡುವಂತಿಲ್ಲ. ಒಂದು ಬೆಳಿಗ್ಗೆ ಅಪ್ಪಣೆಗಳು ನಿಂತುಹೋದವು. ತಿರುಗಿ ನೋಡಿದರೆ ಅವಳು ವಾಕರ್ ಹಿಡಿದು ಎದ್ದು ನಿಂತಿದ್ದಾಳೆ. ಒಂದೊಂದು ಹೆಜ್ಜೆಗೂ ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು. ಬಾಗಿಲವರೆಗೂ ಬಂದೇ ಬಂದಳು. ಇಂಥ ಗಟ್ಟಿ ಜೀವದ ಜೊತೆ ಇಷ್ಟು ವರ್ಷ ಬಾಳಿದ್ದೇನಲ್ಲ ಎನ್ನಿಸಿ ನನಗೆ ಅಳು ತಡೆಯಲಾಗಲಿಲ್ಲ. ಸೆರಗಿದ್ದದ್ದು ಕಣ್ಣೊರೆಸಿಕೊಳ್ಳಲು ಅನುಕೂಲವಾಯಿತು.

ಮೊನ್ನೆ ಡಾಕ್ಟರಿಗೆ ತೋರಿಸಲು ಹೋಗಿದ್ದೆವು. ವಾಕರ್ ಇಲ್ಲದೆ ನಡೆದು ಬಂದವಳನ್ನು ನೋಡಿ ಅವರಿಗೇ ಆಶ್ಚರ್ಯ. "ಮನೇಲಿ ಯಾರಮ್ಮ ನಿಮ್ಮನ್ನ ಇಷ್ಟು ಚೆನ್ನಾಗಿ ನಡೆಸಿದ್ದು?" ಎಂದರು.

"ಇವ್ರೇ ಸಾರ್" ಎಂದಳು. ನಾನು ಶರಟಿನ ಕಾಲರ್ ಸರಿಮಾಡಿಕೊಂಡು ವಿನಯದಿಂದ ನೆಲ ನೋಡಿದೆ.

"ದಿನಾ ಅರ್ಧ ಹಾಲು ಕೆಚ್ಚಲಾಗೇ ಬುಟ್ಟು ಎದ್ದು ಬತ್ತಾ ಇದ್ರು. ಮಲ್ಕೊಂಡು ನೋಡಕ್ಕೇ ಆಗ್ತಿರ್ಲಿಲ್ಲ. ಓಗಿ ಎಬ್ಬಿಸ್ಬುಡಾನ ಅಂತ ನಡ್ಯದು ಕಲ್ತೆ."

ಡಾಕ್ಟರು ಅವಳ ಮಂಡಿ ಮಡಿಸಿ, ಬಿಡಿಸಿ ನೋಡಿದರು. ಗೋಡೆ ಹಿಡಿದು ನಿಧಾನಕ್ಕೆ ಕೂರಲು ಹೇಳಿದರು. ರತ್ನಮ್ಮ ಹಲ್ಲು ಕಚ್ಚಿಕೊಂಡು ಮುಕ್ಕಾಲು ಭಾಗ ಕುಕ್ಕರಿಸಿ, ನನ್ನ ಕಡೆ ನೋಡಿ ನಕ್ಕಳು. "ಪೂರ್ತಿ ಕೂರ್ತೀರ ತಾಯಿ, ಇನ್ನು ಸ್ವಲ್ಪ ದಿನ ತಡೀರಿ" ಎಂದ ಡಾಕ್ಟರು ನನ್ನತ್ತ ತಿರುಗಿದರು. "ಅಲ್ಲಿವರೆಗೂ ನೀವೇ ಕರೀರಿ. ಸರಿಯಾಗಿ ಕರೆಯೋದು ಮಾತ್ರ ಕಲೀಬೇಡಿ."

ಈ ಒಂದು ಚಿಕಿತ್ಸೆಯಲ್ಲಿ ನಾನು ಇಲ್ಲಿಯವರೆಗೂ ಲೋಪ ಮಾಡಿಲ್ಲ.